ಕಾಲರಿಗೆ ಸಾಕಾಗುವಷ್ಟು ತುಂತುರು

ಅಂಗಡಿಯ ಹಿಂದಿನ ಕೋಣೆ,
ಜೂನ್ ೧೨, ಬುಧವಾರ

ಪ್ರೀತಿಯ ಅಕ್ಕಾ,

ನಿನ್ನ ಕತ್ತುನೋವು ಹೇಗಿದೆ? ದಿಂಬಿಲ್ಲದೆ ಮಲಗು ಎಂದರೆ ಕೇಳುವವಳಲ್ಲ ನೀನು, ಆದರೂ ಹೇಳಿದ್ದೇನೆ. ಭಾವ ಬೆಳಿಗ್ಗೆ ನಡೆಯಲು ಹೋಗುತ್ತಿದ್ದಾರೋ, ಇನ್ನೂ ಹೋಗುತ್ತೇನೆ ಎನ್ನುತ್ತಲೇ ಇದ್ದಾರೋ? ಇಲ್ಲಿ ಎಲ್ಲರೂ ಕ್ಷೇಮ. ಅಪ್ಪನೂ ಕ್ಷೇಮ. ಅವರ ಬಲಗೈಯ ಸುದ್ದಿಯನ್ನು ಮಾತ್ರ ಬೇರೆಯಾಗಿ ಹೇಳಬೇಕು. ಅದು ನಡುಗುತ್ತದೆ, ಕೈಯ ಯಜಮಾನರು ಒಪ್ಪುವುದಿಲ್ಲ.

ಹೋದ ತಿಂಗಳು ವಕೀಲರೊಬ್ಬರ ಬಿಳಿ ಅಂಗಿಯ ಮೇಲಿಂದ ಇಸ್ತ್ರಿಪೆಟ್ಟಿಗೆ ಎತ್ತಲು ಹೋದಾಗ ಆ ಕೈ ಮಾತು ಕೇಳಲಿಲ್ಲ. ಅಂಗಿಯ ಬೆನ್ನಿನಲ್ಲಿ ಕಂದು ಗುರುತು ಉಳಿಯಿತು. ವಕೀಲರು "ಹೋಗ್ಲಿ ಬಿಡಿ ಯಜಮಾನ್ರೇ, ಮೇಲೆ ಕೋಟು ಹಾಕ್ತೀನಲ್ಲ" ಎಂದು ನಕ್ಕರು. ಬೈದಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದರು. ಮರುದಿನದಿಂದ ಅಂಗಡಿಗೆ ಬರುವುದನ್ನೇ ಬಿಟ್ಟರು. ಮನೆಯ ಕಿಟಕಿಯ ಬಳಿ ಕುಳಿತು ಹೋಗಿಬರುವವರ ಬಟ್ಟೆಯ ಮಡಿಕೆ ನೋಡುವುದು, ಅಮ್ಮ ಊಟಕ್ಕೆ ಕರೆದರೆ "ಕೂತವನಿಗೆ ಎಂಥ ಹಸಿವು" ಎನ್ನುವುದು. ದಿನೇ ದಿನೇ ಕುರ್ಚಿಯೇ ಅವರನ್ನು ತಿನ್ನುತ್ತಿರುವಂತೆ ಕಾಣುತ್ತಿತ್ತು. ನೀನಿದ್ದಿದ್ದರೆ ಗದರಿಸಿ ಎಬ್ಬಿಸುತ್ತಿದ್ದೆ. ನನಗೆ ಗದರಿಸಲು ಬರುವುದಿಲ್ಲ.

ಒಂದು ಸಂಜೆ ನಾನು ನೀರು ಚಿಮುಕಿಸಿದ ರೇಷ್ಮೆ ಶಾಲಿನ ಮೇಲೆ ದಪ್ಪ ಹನಿಯೊಂದು ಬಿದ್ದು ಉಂಗುರದಂಥ ಕಲೆ ನಿಂತಿತು. ಶಾಲು ಗಿರಾಕಿಯದಲ್ಲ, ನನ್ನವಳದು. ಬೇಕೆಂದೇ ಮಾಡಿದೆಯಾ ಎಂದು ಕೇಳಬೇಡ. ಮನೆಗೆ ತಂದು ಅಪ್ಪನ ಮಡಿಲಲ್ಲಿಟ್ಟೆ. "ಏನೋ ಇದು, ತುಂತುರು ಅಂದ್ರೇನು ಅಂತ ತಲೆ ನೆರೆತ ಮೇಲೆ ಹೇಳ್ಕೊಡ್ಬೇಕಾ ನಿನಗೆ?" ಎಂದವರೇ ನೀರಿನ ಬಟ್ಟಲಲ್ಲಿ ಬೆರಳದ್ದಿ ಕೊಡವಿದರು. ಕೈ ನಡುಗುತ್ತಿತ್ತಲ್ಲ, ನೀರು ಹಿಂದೆಂದೂ ಕಾಣದಷ್ಟು ನವುರಾಗಿ ಹರಡಿತು. ಶಾಲು ಒಂದೇ ಸಮ ತೇವವಾಗಿ, ಕಲೆಯ ಅಂಚು ಕರಗಿಹೋಯಿತು. ಮರುದಿನ ನಾನು ಹೋಗುವಷ್ಟರಲ್ಲಿ ಅಂಗಡಿಯ ಬಾಗಿಲು ತೆಗೆದಿತ್ತು. ಈಗ ಚಿಮುಕಿಸಿ ಸುರುಳಿ ಸುತ್ತಿಡುವುದು ಅವರ ಕೆಲಸ, ಇಸ್ತ್ರಿ ನನ್ನದು. ಈ ಏರ್ಪಾಡನ್ನು ನಾವಿಬ್ಬರೂ ಬಾಯಿಬಿಟ್ಟು ಆಡಿಲ್ಲ.

ನೆನಪಿದೆಯಾ, ಶಾಲೆಯಲ್ಲಿ ಮೇಷ್ಟ್ರು ತುಂತುರು ಎಂಬ ಪದ ಬಳಸಿ ವಾಕ್ಯ ಬರೆಯಿರಿ ಎಂದಾಗ ಇಡೀ ತರಗತಿ ಮಳೆಯ ಬಗ್ಗೆ ಬರೆದರೆ, ನೀನು "ಕಾಲರಿಗೆ ತುಂತುರು ಸಾಕು" ಎಂದು ಬರೆದು ಸೊನ್ನೆ ತಂದಿದ್ದೆ. ಅಪ್ಪ "ಮೇಷ್ಟ್ರ ಅಂಗಿ ಬರ್ಲಿ, ತೋರಿಸ್ತೀನಿ" ಎಂದಿದ್ದರು. ನಿಘಂಟಿನಲ್ಲಿ ಅದರ ಅರ್ಥ ಸಣ್ಣ ಹನಿಗಳು. ನಮ್ಮ ಮನೆಯಲ್ಲಿ ಅದು ಇನ್ನೂ ಹನಿಯಾಗದ ನೀರು. ಬಿದ್ದದ್ದು ಬಟ್ಟೆಗೆ ಗೊತ್ತಾಗಬೇಕು, ಕಣ್ಣಿಗಲ್ಲ. ನೀನು ಮದುವೆಯಾಗಿ ಹೊರಟ ದಿನ ಅಮ್ಮನ ಒದ್ದೆ ಮುಖ ನೋಡಿ ಅಪ್ಪ "ತುಂತುರು ಅಷ್ಟೆ, ಆರುತ್ತೆ" ಎಂದರಲ್ಲ, ತಮ್ಮದನ್ನು ತೋಳಿಗೆ ಒರೆಸಿಕೊಳ್ಳುತ್ತ. ಆ ಬಳಕೆಯೂ ನಿಘಂಟಿನಲ್ಲಿಲ್ಲ.

ಭಾವನಿಗೆ ನನ್ನ ನಮಸ್ಕಾರ. ಮಗಳ ಕೆನ್ನೆಗೊಂದು ಮುತ್ತು, ಮಾವನ ಲೆಕ್ಕದಲ್ಲಿ.

ನಿನ್ನ
ಮೊಂಡ

ಮರೆತಿದ್ದೆ: ತಾನೇ ನೀರು ಚಿಮುಕಿಸುವ ಹೊಸ ಇಸ್ತ್ರಿಪೆಟ್ಟಿಗೆ ಕಳಿಸುತ್ತೇನೆ ಎಂದಿದ್ದೆಯಲ್ಲ, ಬೇಡ. ಕಳಿಸಿಯಾಗಿದ್ದರೆ ಪಕ್ಕದ ದರ್ಜಿಯ ವಿಳಾಸಕ್ಕೆ ತಿರುಗಿಸು. ನಮ್ಮಲ್ಲಿಗೆ ಬರುವ ಪಾರ್ಸೆಲ್ಲುಗಳನ್ನು ಬಿಚ್ಚುವವರು ಅಪ್ಪನೇ.