ಅಡುಗೆಮನೆಯ ದೀಪ ಎರಡು ಸಲ

ಗಡಿಯಾರದ ಅಂಗಡಿಯಿಂದ,
ಸೋಮವಾರ ಮಧ್ಯಾಹ್ನ

ಪ್ರೀತಿಯ ಮಗೂ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ನಿಮ್ಮಮ್ಮ ಹೊತ್ತಿಗೆ ಸರಿಯಾಗಿ ಬಡಿಸುತ್ತಾರೆಂದು ಗೊತ್ತು, ನೀನು ಉಣ್ಣುತ್ತೀಯೋ ಇಲ್ಲವೋ ಎಂಬುದೇ ನನ್ನ ಚಿಂತೆ. ತವರಿಗೆ ಹೋದವಳು ಮತ್ತೆ ಈ ಹೊಸ್ತಿಲು ತುಳಿದಿಲ್ಲ. ಅವನಿಲ್ಲದ ಮನೆಯೊಳಗೆ ಹೇಗೆ ಕಾಲಿಡಲಿ ಎಂದು ನೀನು ಫೋನಿನಲ್ಲಿ ಅತ್ತದ್ದನ್ನು ನಾವು ತಪ್ಪು ತಿಳಿದಿಲ್ಲ. ನಿಮ್ಮತ್ತೆಯ ಕಿವಿ ಇನ್ನಷ್ಟು ಮಂದವಾಗಿದೆ. ನನ್ನ ಗೊಣಗಾಟ ಕೇಳಿಸದಿರುವುದೇ ದೊಡ್ಡ ಲಾಭವಂತೆ.

ಚಪ್ಪಲಿ ಗೂಡಿನ ಮೇಲೆ ನಿನ್ನ ಗಂಡ ಕೂರಿಸಿದ್ದ ಬಿಳಿ ಪೆಟ್ಟಿಗೆ ನೆನಪಿದೆಯಲ್ಲ, ಮನೆಯ ದೀಪ, ಫ್ಯಾನು, ಬಾಗಿಲು ಎಲ್ಲವನ್ನೂ ಕುಣಿಸುತ್ತಿದ್ದ ಹಬ್? ಅದರ ಕಂಪನಿಯವರು ಅಂಗಡಿ ಮುಚ್ಚಿದರು, ಪೆಟ್ಟಿಗೆಯೂ ಸುಮ್ಮನಾಯಿತು. ಎಸೆಯಲು ಮನಸ್ಸು ಬರಲಿಲ್ಲ. ಮಗ ತೀರಿಕೊಂಡ ಮೇಲೂ ಅವನ ಮಾತು ಕೇಳುತ್ತಿದ್ದದ್ದು ಅದೊಂದೇ ತಾನೆ. ಓಪನ್ ಸೋರ್ಸ್ ತಂತ್ರಾಂಶವೊಂದಿದೆ, ಪುಕ್ಕಟೆ, ಹಾಕಿದರೆ ಮತ್ತೆ ಜೀವ ಬರುತ್ತದೆ ಎಂದು ಗಿರಾಕಿಯೊಬ್ಬರು ಹೇಳಿದರು. ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ನಾನೇ ಕೂತೆ. ನಗಬೇಡ. ಕೆಂಪು ದೀಪ ಹತ್ತಿ ಎಲ್ಲ ನಿಂತುಹೋದಾಗ ಇದನ್ನೂ ಕೆಡಿಸಿಬಿಟ್ಟೆ ಅಂದುಕೊಂಡೆ. ಆಮೇಲೆ ನೋಡು, ಮನೆಯ ಒಂದೊಂದು ದೀಪವನ್ನೂ ತಾನಾಗಿಯೇ ಹುಡುಕಿ ತೆಗೆಯಿತು! ಹಿಂದಿನ ಮುಚ್ಚಳ ಬಿಚ್ಚಿಟ್ಟ ಗಡಿಯಾರದ ಹಾಗೆ ಒಳಗಿನದೆಲ್ಲ ಕಾಣುತ್ತದೆ, ನನಗೆ ಬಹಳ ಹಿಡಿಸಿತು. ಆದರೆ ಅವನು ಬರೆದಿಟ್ಟಿದ್ದ ಆಜ್ಞೆಗಳೆಲ್ಲ ಅಳಿಸಿಹೋಗಿದ್ದವು. ನೆನಪು ಮಾಡಿಕೊಂಡು ಮತ್ತೆ ಬರೆದೆ.

ಬಾಗಿಲ ಬೀಗಕ್ಕೆ ನಮಗೆಲ್ಲ ಒಂದೊಂದು ನಂಬರು ಕೊಟ್ಟಿದ್ದನಲ್ಲ. ಅವನು ತನ್ನದನ್ನು ಒತ್ತಿದರೆ ಒಲೆಯ ಮೇಲಿನ ದೀಪ ಎರಡು ಸಲ ಮಿನುಗಿ, ಕಿವಿ ಕೇಳದ ಅಮ್ಮನಿಗೆ ಮಗ ಬಂದನೆಂದು ತಿಳಿಯುತ್ತಿತ್ತು. ಅದನ್ನೂ ಬರೆದೆ. ಯಾಕೆ ಬರೆದೆನೋ. ರಿಪೇರಿ ಮಾಡಿದ ಗಡಿಯಾರವನ್ನು ಒಮ್ಮೆ ಹೊಡೆಸಿ ನೋಡದೆ ಗಿರಾಕಿಗೆ ಕೊಟ್ಟವನಲ್ಲ ನಾನು. ಹಾಳು ಅಭ್ಯಾಸ. ಹೊರಗೆ ಹೋಗಿ ಅವನ ನಂಬರು ಒತ್ತಿದೆ. ಬಾಗಿಲು ತೆರೆದರೆ ನಿಮ್ಮತ್ತೆ ಒದ್ದೆ ಕೈಯಲ್ಲೇ ಓಡಿ ಬಂದಿದ್ದಳು. "ಇವತ್ತು ಬೇಗ ಬಂದ್ಯಲ್ಲೋ" ಅಂದಳು. ಆಮೇಲೆ ನನ್ನ ಮುಖ ನೋಡಿದಳು. ಇಬ್ಬರೂ ಚಪ್ಪಲಿ ಗೂಡಿನ ಪಕ್ಕದಲ್ಲೇ ಕೂತು ಅತ್ತುಬಿಟ್ಟೆವು. ಅವನು ಹೋದ ದಿನವೂ ನಾನು ಹಾಗೆ ಅತ್ತಿರಲಿಲ್ಲ, ಮಗೂ.

ಬೇರೆಲ್ಲ ಕ್ಷೇಮ. ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳು. ನೀನು ಯಾವ ಮನೆಯಲ್ಲಿದ್ದರೂ ತಣ್ಣಗಿರು.

ನಿನ್ನ ಮಾವ

ಹೇಳುವುದೇ ಮರೆತೆ: ಆ ಮಿನುಗುವುದನ್ನು ಅಳಿಸಲು ಹೋದರೆ ನಿಮ್ಮತ್ತೆ ಕೈ ಹಿಡಿದಳು. "ತೆಗೀಬೇಡಿ. ಅವಳ ನಂಬರಿಗೆ ಹಾಕಿ. ಅವಳು ಬಂದ್ರೆ ನಂಗೆ ಗೊತ್ತಾಗೋದು ಬೇಡ್ವಾ?" ಅಂದಳು. ಹಾಕಿದ್ದೇನೆ. ಈಗ ತರಕಾರಿ ಹೆಚ್ಚುವಾಗಲೂ ಆ ದೀಪದ ಕಡೆಗೇ ಮುಖ ಮಾಡಿ ಕೂರುತ್ತಾಳೆ. ಬಾ ಎಂದು ಒತ್ತಾಯಿಸುವುದಿಲ್ಲ. ನಿನ್ನ ನಂಬರು ಹಳೆಯದೇ. ಇದೊಂದನ್ನು ಮಾತ್ರ ನಾನು ಒತ್ತಿ ನೋಡಿಲ್ಲ.