ನಲವತ್ತೆರಡು ಇಂಚಿನ ಗಂಡಸು

ಗುರುವಾರ, ಹನ್ನೆರಡನೇ ತಾರೀಖು
ಅಂಗಡಿಯಿಂದ

ಮುನಿಸಿಕೊಂಡು ಅಕ್ಕನ ಮನೆ ಸೇರಿದವಳಿಗೆ,

ನೀನು ಹೋಗಿ ಇವತ್ತಿಗೆ ಹನ್ನೊಂದು ದಿನ. ನಾನು ಚೆನ್ನಾಗಿದ್ದೇನೆ. ಹಾಲು ಮೂರು ಸಲ ಉಕ್ಕಿಹೋಗಿದೆ, ಅಷ್ಟೇ. ಇದು ಬಾ ಅಂತ ಕರೆಯುವ ಕಾಗದ ಅಂದುಕೊಳ್ಳಬೇಡ. ಒಂದು ಪ್ರಶ್ನೆಗೆ ಉತ್ತರ ಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನ ತಲೆನೋವಿಗೆ ಡಾಕ್ಟರಮ್ಮ ಮಾತ್ರೆ ಕೊಡದೆ, ಜಪಾನಿನವರ ಕೈಹೊಲಿಗೆ ಕಲಿ, ಮನಸ್ಸು ಹಗುರಾಗುತ್ತೆ ಅಂದಾಗ ನಾನು ನಕ್ಕಿದ್ದು ನಿಜ. ಇಪ್ಪತ್ತೈದು ವರ್ಷದಿಂದ ಹೊಲಿಯುತ್ತಿರುವ ನನಗೆ ಒಂದು ದಿನವೂ ಹಗುರಾಗಿಲ್ಲ, ಸೊಂಟ ಮಾತ್ರ ಬಿದ್ದುಹೋಗಿದೆ. ಆದರೂ ಹೋಗು ಅಂದೆ. ಮಂಗಳವಾರ ಮಂಗಳವಾರ ನೀನು ಲೈಬ್ರರಿಯ ಮಹಡಿಯ ಹೊಲಿಗೆ ಕ್ಲಾಸಿಗೆ ಹೋದೆ. ಅಂಗೈಯಗಲದ ನೀಲಿ ಬಟ್ಟೆ, ದಪ್ಪ ಬಿಳಿ ದಾರ, ಅಕ್ಕಿಕಾಳಿನಷ್ಟು ಉದ್ದದ ಹೊಲಿಗೆ. ಗಂಟು ಹಾಕಬಾರದಂತೆ, ಅವಸರ ಮಾಡಬಾರದಂತೆ. ತಿಂಗಳು ಕಳೆಯುವುದರೊಳಗೆ ನೀನು ಹಾಡು ಗುನುಗತೊಡಗಿದೆ. ಅಲ್ಲಿಂದಲೇ ನನ್ನ ತಲೆಗೆ ಹುಳ ಹೊಕ್ಕಿದ್ದು. ಒಂದು ಸೂಜಿಯಿಂದ ಯಾರಿಗಾದರೂ ಅಷ್ಟು ಸಂತೋಷ ಬರುತ್ತಾ?

ಆಮೇಲೆ ಕಪಾಟಿನಲ್ಲಿ, ಹೊದಿಕೆಗಳ ಕೆಳಗೆ ಆ ಜಾಕೀಟು ಸಿಕ್ಕಿತು. ನೀಲಿ ತುಂಡುಗಳನ್ನೆಲ್ಲ ಕೂಡಿಸಿದ, ತೋಳಿಲ್ಲದ, ಗಂಡಸಿನ ಜಾಕೀಟು. ಯಾರಿಗೆ ಅಂತ ಕೇಳಿದೆ. ಗಿರಾಕಿಗಳ ಎದುರಿಗೆ ಕೇಳಿದ್ದು ತಪ್ಪು, ಒಪ್ಪಿಕೊಳ್ಳುತ್ತೇನೆ. ಅದನ್ನೂ ಕೇಳಿ ತಿಳಿಯಬೇಕಾ, ಹಾಗಾದರೆ ಹೇಳುವುದೇ ಇಲ್ಲ ಅಂತ ನೀನು ಚೀಲ ಎತ್ತಿಕೊಂಡು ಹೊರಟೇಬಿಟ್ಟೆ.

ಹೇಳದಿದ್ದರೆ ಬಿಡು, ನಾನು ದರ್ಜಿ. ಬಟ್ಟೆ ನನ್ನ ಹತ್ತಿರ ಸುಳ್ಳು ಹೇಳಲ್ಲ. ಟೇಪು ಹಿಡಿದೆ. ಎದೆ ನಲವತ್ತೆರಡು. ನನ್ನದು ಮೂವತ್ತೆಂಟು, ಮದುವೆಯ ಕೋಟು ಹೊಲಿದಾಗ ಬರೆದಿಟ್ಟ ಅಳತೆಯಲ್ಲೇ ಇವತ್ತಿಗೂ ನನ್ನ ಅಂಗಿ ಹೊಲಿಯುತ್ತೇನೆ. ಈಗೀಗ ಗುಂಡಿ ಎಳೆಯುತ್ತವೆ, ಇಲ್ಲ ಅನ್ನಲ್ಲ. ಈಗಿನ ಬಟ್ಟೆಯೇ ಹಾಗೆ, ಒಗೆದರೆ ಕುಗ್ಗುತ್ತೆ. ಅದಿರಲಿ. ಜಾಕೀಟಿನ ಬಲಭುಜ ಎಡಕ್ಕಿಂತ ಮುಕ್ಕಾಲು ಇಂಚು ಕೆಳಗಿದೆ. ಬೆನ್ನು ಸ್ವಲ್ಪ ಗೂನು. ಅಂದರೆ ಆಸಾಮಿ ಒಂದು ಕಡೆ ವಾಲಿಕೊಂಡು ಕೆಲಸ ಮಾಡುವವನು.

ಹನ್ನೊಂದು ದಿನದಿಂದ ಬೀದಿಯ ಗಂಡಸರ ಭುಜ ನೋಡುವುದೇ ನನ್ನ ಕಸುಬು. ಗಡಿಯಾರ ರಿಪೇರಿಯವನು ಬಾಗುತ್ತಾನೆ, ಆದರೆ ಕಡ್ಡಿ ಪೈಲ್ವಾನ್. ಔಷಧಿ ಅಂಗಡಿಯವನ ಎದೆ ಸರಿಹೊಂದುತ್ತೆ, ಭುಜ ನೆಟ್ಟಗಿದೆ. ಲೈಬ್ರರಿ ಗುಮಾಸ್ತ ಬೇಡ ಬೇಡ ಅಂದರೂ ಪುಕ್ಕಟೆ ಅಳತೆ ತೆಗೆದೆ. ನಲವತ್ತು. ಹುಚ್ಚನನ್ನು ನೋಡಿದ ಹಾಗೆ ನೋಡಿದ. ಹೊಲಿಗೆ ಕಲಿಸುವ ಮಹಾಶಯ ಯಾರಪ್ಪಾ ಅಂತ ಬಾಗಿಲಿನಿಂದ ಇಣುಕಿದರೆ, ಎಪ್ಪತ್ತು ದಾಟಿದ ಅಜ್ಜಿ!

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹೆದರಿಕೆಯಾಗಿದೆ. ನೀನು ಬರದೇ ಹೋದರೆ ಏನು ಗತಿ ಅಂತ. ಆದರೆ ಆ ನಲವತ್ತೆರಡರವನು ಯಾರು ಅಂತ ತಿಳಿಯುವವರೆಗೆ ಬಾ ಅನ್ನಲಾರೆ. ಹೆಸರು ಬರೆದು ಕಳಿಸು.

ಇಂತಿ,
ಇನ್ನೂ ನಿನ್ನ ಗಂಡನೇ ಆಗಿರುವ
ದರ್ಜಿ

ವಿ. ಸೂ.: ಕಾಗದ ಮಡಿಸುವ ಮುಂಚೆ ಉದ್ದವನ್ನೂ ಅಳೆದು ಬರೆದು ನಿನ್ನ ಬಾಯಿ ಮುಚ್ಚಿಸೋಣ ಅಂತ ಜಾಕೀಟನ್ನು ಅಂಗಡಿಯ ಗೊಂಬೆಗೆ ತೊಡಿಸಿದೆ. ಮೂವತ್ತೆಂಟರ ಗೊಂಬೆ, ಜಾಕೀಟು ಮೈಮೇಲೆ ನಿಲ್ಲದೆ ಜಾರಿತು. ನನಗೆಷ್ಟು ದೊಗಲೆಯಾಗುತ್ತೋ ನೋಡೋಣ ಅಂತ ನಾನೇ ಹಾಕಿಕೊಂಡೆ. ದೊಗಲೆಯಾಗಲಿಲ್ಲ ಕಣೇ. ಅದರ ಭುಜ ಇಳಿದಲ್ಲಿ ನನ್ನ ಭುಜವೂ ಇಳಿದಿತ್ತು. ಕನ್ನಡಿ ಮುಂದೆ ನಿಂತು ಟೇಪು ಸುತ್ತಿಕೊಂಡೆ. ನಲವತ್ತೆರಡು. ಊರವರ ಅಳತೆಯೆಲ್ಲ ನನಗೆ ಬಾಯಿಪಾಠ, ನನ್ನ ಮೈಗೆ ಮಾತ್ರ ಮದುವೆಯಾದ ಮೇಲೆ ಟೇಪು ತಾಗಿಸಿಯೇ ಇರಲಿಲ್ಲ. ನೀನೂ ತಾಗಿಸಿಲ್ಲ. ಬರೀ ಕಣ್ಣಳತೆಯಲ್ಲಿ ಇಷ್ಟು ಸರಿಯಾಗಿ ಹೊಲಿದೆಯಲ್ಲ, ಯಾವಾಗ ನೋಡಿದೆ ನನ್ನನ್ನು ಅಷ್ಟೊಂದು? ಈ ಕಾಗದ ಹರಿದುಹಾಕಬೇಕಿತ್ತು. ಹಾಕಲಿಲ್ಲ, ಪೂರ್ತಿ ಓದಿ ಬೈಯಿ. ಇಲ್ಲಿಗೇ ಬಂದು ಬೈದರೆ ಇನ್ನೂ ಒಳ್ಳೆಯದು. ಜಾಕೀಟಿಗೆ ನೀನು ಗುಂಡಿ ಹಾಕಿಲ್ಲ. ನನಗೆ ಎರಡು ನಿಮಿಷದ ಕೆಲಸ. ಮುಟ್ಟಲ್ಲ.