ಅಮ್ಮನ ನೆಪದಲ್ಲಿ ಹಿಡಿದ ಮನೆ

ಟ್ಯಾಂಜಿಯರ್
ನವೆಂಬರ್ ೧೭, ಸೋಮವಾರ ಸಂಜೆ

ಝುಹೈರ್‌ಗೆ ಹಸ್ನಾಳ ಸಲಾಮು.

ನಾನು ಆರೋಗ್ಯವಾಗಿದ್ದೇನೆ. ಅಗಾದಿರ್‌ನಲ್ಲಿ ನಿನ್ನ ತರಬೇತಿ ಚೆನ್ನಾಗಿ ನಡೆಯುತ್ತಿದೆ ಎಂದುಕೊಂಡಿದ್ದೇನೆ. ಕಳೆದ ಮಂಗಳವಾರ ರಾತ್ರಿಯಿಂದ ನಿನ್ನ ಫೋನ್ ಎತ್ತಿಲ್ಲ. ಅದಕ್ಕೆ ಕಾರಣ ಜ್ವರವೂ ಅಲ್ಲ, ನೆಟ್‌ವರ್ಕೂ ಅಲ್ಲ. ಫೋನಿನಲ್ಲಿ ನೀನು ‘ಹಸ್ನಾ, ಒಂದ್ನಿಮಿಷ ಕೇಳು’ ಅನ್ನುತ್ತೀಯ. ನಾನು ಕೇಳುತ್ತೇನೆ. ಆ ನಿಮಿಷ ಮುಗಿಯುವಷ್ಟರಲ್ಲಿ ನನ್ನ ಕೋಪ ನನಗೇ ತಪ್ಪೆನ್ನಿಸತೊಡಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಈ ಸಲ ಕೇಳುವ ಸರದಿ ನಿನ್ನದು.

ಮಂಗಳವಾರ ಮಧ್ಯಾಹ್ನ ನಿನ್ನ ತಂಗಿ ನಿಸ್ರಿನ್ ಕರೆ ಮಾಡಿದ್ದಳು. ಪಾಪ, ಅವಳಿಗೇನೂ ಗೊತ್ತಿರಲಿಲ್ಲ, ಅವಳನ್ನು ಬೈಯಬೇಡ. ‘ಅತ್ತಿಗೇ, ಪರದೆಗೆ ಕೆನೆ ಬಣ್ಣ ತಗೊಳ್ಲಾ, ಹಸಿರು ತಗೊಳ್ಲಾ? ಅಂಗಡಿಯವನು ತಲೆ ತಿಂತಿದಾನೆ’ ಅಂದಳು. ಯಾವ ಮನೆಯ ಪರದೆ ಎಂದು ಕೇಳಿದೆ. ಅವಳು ನಕ್ಕಳು. ‘ಯಾವ ಮನೆ ಅಂದ್ರೆ? ನಿಮ್ಮದೇ! ಐನ್ ಸೆಬಾದ್ದು. ಅಣ್ಣ ಆಗ್ಲೇ ಕರಾರಿಗೆ ಸಹಿ ಹಾಕಿದಾನಲ್ಲ!’

ನನ್ನ ಗಂಡ ನನಗಾಗಿ ಕಾಸಾಬ್ಲಾಂಕಾದಲ್ಲಿ ಮನೆ ಹಿಡಿದಿದ್ದಾನೆ, ನನಗೆ ಗೊತ್ತಿಲ್ಲ ಎಂದು ಅವಳ ಮುಂದೆ ಹೇಳಲು ನಾಚಿಕೆಯಾಯಿತು. ‘ಕೆನೆ ಬಣ್ಣ’ ಅಂದುಬಿಟ್ಟೆ.

ಅದೇ ರಾತ್ರಿ ನಿನ್ನನ್ನು ಕೇಳಿದೆ. ನೀನು ಹೇಳಿದ್ದನ್ನು ನಿನ್ನ ಮಾತಲ್ಲೇ ಬರೆಯುತ್ತೇನೆ, ಆಮೇಲೆ ಹಾಗೆ ಅಂದಿರಲಿಲ್ಲ ಅನ್ನಬಾರದು. ‘ಅಮ್ಮನ್ನ ಒಬ್ಳೇ ಬಿಟ್ಟು ಹೇಗೆ ಬರ್ಲಿ ಹಸ್ನಾ? ಮಂಡಿ ನೋವು, ಬಿ.ಪಿ. ಬೇರೆ. ರಾತ್ರಿ ಎದ್ದು ಅಳ್ತಾಳೆ. ಟ್ಯಾಂಜಿಯರ್ ಕಾರ್ಖಾನೆ ಕೆಲಸ ನಾನೇ ಬೇಡ ಅಂದೆ. ಕಾಸಾದಲ್ಲೇ ಒಂದು ಕಂಪನಿ ಸೇರಿದೀನಿ, ಈ ತರಬೇತಿ ಅವರದ್ದೇ. ನಿನಗೇನು, ಕಾಸಾದಲ್ಲಿ ಹತ್ತು ಕಡೆ ಕರೀತಾರೆ.’ ನಾನು ಫೋನ್ ಇಟ್ಟುಬಿಟ್ಟೆ. ವಯಸ್ಸಾದ ತಾಯಿಯನ್ನು ಮುಂದೆ ತಂದು ನಿಲ್ಲಿಸಿದ ಮೇಲೆ ಯಾವ ಹುಡುಗಿ ಏನು ಹೇಳಿಯಾಳು?

ರಬಾತ್‌ನಲ್ಲಿ ನಮ್ಮ ಇಂಜಿನಿಯರಿಂಗ್ ಓದು ಮುಗಿದ ವಾರ ನಾವಿಬ್ಬರೂ ಸೇತುವೆ ದಾಟಿ ಆಚೆ ದಡದ ಸಲೆ ಊರಿನವರೆಗೆ ನಡೆಯುತ್ತ ಊರುಗಳನ್ನು ಒಂದೊಂದಾಗಿ ತೂಗಿದ್ದೆವು. ರಬಾತ್ ಬೇಡ, ಅಲ್ಲಿ ಕತ್ತಲಾಗುವ ಮೊದಲೇ ಊರು ಆಕಳಿಸುತ್ತದೆ ಎಂದೆ ನಾನು. ಮರ್ರಾಕೇಶ್ ಬೇಡ, ಅಲ್ಲಿ ಇರುವವರಿಗಿಂತ ನೋಡಲು ಬಂದವರೇ ಜಾಸ್ತಿ ಎಂದೆ ನೀನು. ಕಾಸಾದ ಮಾತು ಬಂದಾಗ, ಅಲ್ಲೇ ಹುಟ್ಟಿ ಬೆಳೆದ ನೀನೇ ನಕ್ಕುಬಿಟ್ಟೆ. ‘ಕಾಸಾದಲ್ಲಿ ಯಾರೂ ಬದುಕಲ್ಲ ಕಣೇ, ಎಲ್ರೂ ಬಸ್ಸಿಗೆ ಕಾಯ್ತಿರ್ತಾರೆ.’ ಟ್ಯಾಂಜಿಯರ್ ಎಂದವನು ನೀನು. ನಾನೇ ಹಿಂಜರಿದೆ, ಅದು ನನ್ನ ತವರು; ನಿನ್ನನ್ನು ಮನೆಅಳಿಯ ಎಂದು ಆಡಿಕೊಳ್ಳುತ್ತಾರೆ ಎಂದೆ. ‘ಆಡಿಕೊಳ್ಳಲಿ ಬಿಡು, ಅವರ ಬಾಯಿಗೂ ಒಂದು ಕೆಲಸ ಬೇಡ್ವಾ? ಬೆಳೀತಾ ಇರೋ ಊರು. ಅದರ ಜೊತೆ ನಾವೂ ಬೆಳೆಯೋಣ’ ಅಂದೆ ನೀನು. ನೀನು ಇಲ್ಲಿನ ಕಾರ್ಖಾನೆಗೆ ಅರ್ಜಿ ಹಾಕಿದೆ; ಆ ಮಾತನ್ನು ನಂಬಿ ನಾನು ಬಂದರಿನ ಕೆಲಸಕ್ಕೆ ಹಾಕಿದೆ. ಯಾವ ಹಡಗು ಯಾವ ಕಟ್ಟೆಗೆ, ಯಾವಾಗ ಬರಬೇಕು ಎಂದು ನಿರ್ಧರಿಸುವ ವಿಭಾಗ. ಹೆಂಗಸರು ಕಡಿಮೆ. ನನ್ನನ್ನು ತೆಗೆದುಕೊಂಡರು. ಈ ಸೋಮವಾರದೊಳಗೆ ಒಪ್ಪಿಗೆ ಕೊಡಬೇಕು, ಇಲ್ಲದಿದ್ದರೆ ಬೇರೆಯವರಿಗೆ ಎಂದಿದ್ದರು.

ಬುಧವಾರ ಇಡೀ ದಿನ ಪೂರ್ವದ ಬಿರುಗಾಳಿ, ಶರ್ಕಿ, ಬೀಸಿತು. ಕಿಟಕಿಗಳೆಲ್ಲ ಹಲ್ಲು ಕಡಿಯುತ್ತಿದ್ದವು. ಅಪ್ಪನಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು. ಅವರು ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. ಚಹಾ ಲೋಟ ಕೆಳಗಿಟ್ಟು ಇಷ್ಟೇ ಅಂದರು: ‘ಕಾಗದದ ಮೇಲೆ ಮದುವೆ ಆಗಿದೆ, ಡೋಲು ಇನ್ನೂ ಬಾರಿಸಿಲ್ಲ. ಈಗ ಬಿಟ್ಟರೆ ಜನ ಒಂದು ಚಳಿಗಾಲ ಮಾತಾಡ್ತಾರೆ. ಆಮೇಲೆ ಬಿಟ್ಟರೆ ನಿನ್ನ ಮಕ್ಕಳ ಮದುವೇಲೂ ಮಾತಾಡ್ತಾರೆ. ನಿರ್ಧಾರ ನಿಂದು ಮಗಳೇ.’

ಶುಕ್ರವಾರ ಬೆಳಿಗ್ಗೆ ರೈಲು ಹತ್ತಿದೆ. ನಿನಗೆ ಹೇಳಲಿಲ್ಲ. ನೀನು ಅಗಾದಿರ್‌ನಲ್ಲಿರುವುದು ಗೊತ್ತಿದ್ದೇ ಹೊರಟೆ. ನಿನ್ನ ಎದುರು ನಿಂತರೆ ಸೋಲುತ್ತೇನೆ ಎಂಬ ಭಯ ನನಗಿತ್ತು. ನೀನು ತೊಡಿಸಿದ ಉಂಗುರ ಬೆರಳಲ್ಲಿರಲಿಲ್ಲ, ಕರವಸ್ತ್ರದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದೆ. ನಿನ್ನ ಅಮ್ಮನ ಕೈಗೆ ಅದನ್ನು ಕೊಟ್ಟು, ಕೈ ಮುಟ್ಟಿ ತುಟಿಗೊತ್ತಿಕೊಂಡು, ಅದೇ ದಿನದ ರೈಲಿಗೆ ಹಿಂತಿರುಗುವುದು ನನ್ನ ಲೆಕ್ಕಾಚಾರವಾಗಿತ್ತು.

ಪರದೆಯ ನೆಪದಲ್ಲಿ ನಿಸ್ರಿನ್ ಹತ್ತಿರ ವಿಳಾಸ ಕೇಳಿಕೊಂಡಿದ್ದೆ; ಮೊದಲು ಐನ್ ಸೆಬಾಕ್ಕೆ ಹೋದೆ. ಲಾರಿಗಳ ಹಿಂದೆ ತೆವಳಿದ ಕೆಂಪು ಟ್ಯಾಕ್ಸಿಯ ಚಾಲಕ ದಾರಿಯುದ್ದಕ್ಕೂ ನನ್ನ ಉತ್ತರದ ಮಾತಿನ ಧಾಟಿಯನ್ನು ಅಣಕಿಸಿದ. ‘ಓಹೋ, ಟ್ಯಾಂಜಿಯರ್‌ನೋರು! ನಿಮ್ಕಡೆ ಒಂದು ಸಾರ್ಡೀನ್ ಮೀನನ್ನ ಮೂರು ಜನ ಹಂಚ್ಕೋತಾರಂತೆ, ಹೌದಾ?’ ಮನೆಯ ಕಾವಲುಗಾರ ಬಾಗಿಲು ತೆರೆದು ತೋರಿಸಿದ. ಸುಳ್ಳು ಹೇಳುವುದಿಲ್ಲ ಝುಹೈರ್, ಮನೆ ಚೆನ್ನಾಗಿದೆ. ಅಡುಗೆಮನೆಗೆ ಬೆಳಗಿನ ಬಿಸಿಲು ಬರುತ್ತದೆ. ನೀನು ಹುಡುಕಿ ಹುಡುಕಿಯೇ ಹಿಡಿದಿದ್ದೀಯ. ಅಲ್ಲಿ ನಿಂತು ನನಗೆ ಅಳು ಬಂತು. ಕಾಸಾ ಕೆಟ್ಟ ಊರಲ್ಲ. ಅಲ್ಲಿ ಕೆಲಸ ಸಿಗದವರಿಗೂ ಮರುದಿನ ಸಿಗುತ್ತದೆ ಎಂಬ ಆಸೆಯಾದರೂ ಸಿಗುತ್ತದೆ. ನೀನು ‘ಬಾ, ಇಲ್ಲಿರೋಣ’ ಎಂದು ಕರೆದಿದ್ದರೆ ನಾನು ಜಗಳ ಆಡುತ್ತಿದ್ದೆ, ಆದರೆ ಬಹುಶಃ ಬರುತ್ತಿದ್ದೆ. ನೀನು ಕರೆಯಲಿಲ್ಲ. ಪರದೆಯವರೆಗೂ ಎಲ್ಲ ಮುಗಿಸಿ, ನನ್ನನ್ನು ಸಾಮಾನಿನ ಜೊತೆ ತಂದಿಡಲು ಹೊರಟೆ.

ಅಲ್ಲಿಂದ ದರ್ಬ್ ಸುಲ್ತಾನ್‌ನ ನಿಮ್ಮ ಮನೆಗೆ ಹೋದೆ. ಮೂರನೇ ಮಹಡಿ. ಬಾಗಿಲು ತೆರೆದ ನಿನ್ನ ಅಮ್ಮನ ಮುಖದಲ್ಲಿ ಆಶ್ಚರ್ಯಕ್ಕಿಂತ ಮೊದಲು ಸಂತೋಷ ಬಂತು. ‘ಒಳ್ಳೇ ಹೊತ್ತಿಗೆ ಬಂದೆ ನನ್ನವ್ವಾ! ಕೂಸ್‌ಕೂಸ್ ರವೆ ಈಗಷ್ಟೇ ಹಬೆಯಿಂದ ಇಳಿಸ್ದೆ. ಮಗ ಇರ್ಲಿ ಬಿಡ್ಲಿ, ಶುಕ್ರವಾರ ಅಂದ್ರೆ ಕೂಸ್‌ಕೂಸೇ’ ಅಂದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟರು. ನನ್ನ ಬೆರಳನ್ನು ನೋಡಿದರು.  ಇಬ್ಬರೂ ಉಣ್ಣುವ ದೊಡ್ಡ ತಟ್ಟೆಯಲ್ಲಿ ನನ್ನ ಕಡೆಗೆ ಕುಂಬಳಕಾಯಿ ತಳ್ಳಿದರು, ಮಾಂಸ ತಳ್ಳಿದರು, ಮಜ್ಜಿಗೆ ಬಗ್ಗಿಸಿದರು.  ಮಾತು ಎಲ್ಲಿಂದ ಶುರು ಮಾಡಲಿ ಎಂದು ತೋಚದೆ ‘ಲಲ್ಲಾ’ ಎಂದು ಗೌರವದಿಂದ ಕರೆದು, ಮಂಡಿ ನೋವು ಹೇಗಿದೆ ಎಂದು ಕೇಳಿದೆ.

‘ಮಂಡಿಗೇನಾಗಿದೆ? ದಿನಾ ಈ ಮೆಟ್ಟಿಲು ಹತ್ತಿ ಇಳೀತೀನಿ’ ಅಂದರು. ಆಮೇಲೆ ಚಮಚ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು. ‘ನಿನ್ನ ಮುಂದೇನೇ ಹೇಳ್ಬೇಕು ಅಂತಿದ್ದೆ. ದೇವರು ನಿನಗೆ ಒಳ್ಳೇದು ಮಾಡ್ಲಿ. ಆ ಕಾರ್ಖಾನೆಯೋರು ಅವನ್ನ ತಗೊಳ್ದೆ ಹೋದಾಗ, ಇನ್ನೊಬ್ಬಳಾಗಿದ್ರೆ ಮುಖ ತಿರುಗಿಸ್ತಿದ್ಲು. ನೀನಾಗೇ, ಹೋಗ್ಲಿ ಬಿಡು, ಕಾಸಾದಲ್ಲೇ ಇರೋಣ ಅಂದೆಯಂತೆ. ತವರು ಬಿಟ್ಟು, ಸಮುದ್ರ ಬಿಟ್ಟು ಈ ಹೊಗೆಗೆ ಬರ್ತೀನಿ ಅಂತ ಹಟ ಹಿಡಿದೆಯಂತೆ.’

‘ನಾನಾ?’ ಅಂದೆ.

ಅವರು ನನ್ನ ಮುಖವನ್ನೇ ನೋಡುತ್ತ ಕೂತರು.  

ಆ ಕೆಲಸವನ್ನು ನೀನೇ ಬೇಡ ಎಂದೆ ಎಂದು ನನಗೆ ಹೇಳಿದ್ದೀಯ. ಅಮ್ಮನನ್ನು ಬಿಟ್ಟು ಬರಲಾರೆ ಎಂದಿದ್ದೀಯ. ಅಮ್ಮ ರಾತ್ರಿ ಅಳುತ್ತಾರೆ ಎಂದಿದ್ದೀಯ. ಎಲ್ಲವನ್ನೂ ಅವರ ಮುಂದೆ ಹೇಳಿದೆ ನಾನು.  ನಿನ್ನ ಅಮ್ಮ ಮೊದಲು ಬೆಳ್ಳಗಾದರು, ಆಮೇಲೆ ಕೆಂಪಗಾದರು.

‘ನಾನು ಅಳ್ತೀನಾ? ನಾನು ಯಾವತ್ತು ಹೇಳ್ದೆ ಅವನಿಗೆ, ನನ್ನ ಬಿಟ್ಟು ಹೋಗ್ಬೇಡ ಅಂತ? ಲರಾಶ್‌ನಿಂದ ಅಂದ್ರೆ ಉತ್ತರದ ನನ್ನ ತವರಿಂದ, ತಂಗಿ ಫತ್ತೂಮಾ ಅವಳ ಗಂಡ ಸತ್ತಾಗಿಂದ ಕರೀತಿದಾಳೆ, ಬಾ ಅಕ್ಕಾ, ಇಬ್ರೂ ಮುದುಕಿಯರು ಒಟ್ಟಿಗಿರೋಣ ಅಂತ. ನಂಗೂ ಆಸೆ. ಮದುವೆಗೆ ಮುಂಚೆ ಅಲ್ಲಿ ಟೆಲಿಫೋನ್ ಆಫೀಸಲ್ಲಿ ಕೂತು ಊರಿಗೆಲ್ಲ ಲೈನ್ ಕೊಡ್ತಿದ್ದೋಳು ನಾನು. ಇವತ್ತಿಗೂ ಕನಸು ಬಿದ್ರೆ ಅಲ್ಲೇ ಬೀಳತ್ತೆ. ಬರಲ್ಲ ಅಂದೆ ಅವಳಿಗೆ. ಯಾಕೆ? ಸೊಸೆ ಊರು ಬಿಟ್ಟು ಬರ್ತಿದಾಳೆ, ಇಬ್ರೂ ಕೆಲಸಕ್ಕೆ ಹೋಗೋರು, ಒಂದು ತಪ್ಪಲೆ ಬಿಸಿ ಅಡುಗೆ ಮಾಡಿ ಹಾಕೋಕೆ ನಾನಿರ್ಬೇಕು ಅಂತ!’

ನೋಡಿದೆಯಾ ಝುಹೈರ್? ನಿನ್ನ ಅಮ್ಮ ನನಗಾಗಿ ಲರಾಶ್ ಬಿಟ್ಟಿದ್ದರು. ನಾನು ನಿನ್ನ ಅಮ್ಮನಿಗಾಗಿ ಟ್ಯಾಂಜಿಯರ್ ಬಿಡಬೇಕಿತ್ತು. ನಾವಿಬ್ಬರೂ ಒಬ್ಬರ ಋಣದಲ್ಲಿ ಇನ್ನೊಬ್ಬರು ಸಾಯುವವರೆಗೂ ಆ ಮನೆಯಲ್ಲಿ ನಗುನಗುತ್ತ ಇರಬೇಕಿತ್ತು. ಅದೂ ಯಾಕೆ? ಒಂದು ಕಾರ್ಖಾನೆಯವರು ನಿನ್ನನ್ನು ಬೇಡ ಎಂದರು ಅನ್ನುವ ಒಂದು ಮಾತನ್ನು ನೀನು ಹೆಂಡತಿಗೆ ಹೇಳಲಾರದೆ ಹೋದೆ.

ನಾನು ಚೀಲ ತೆರೆದು ಕರವಸ್ತ್ರ ಹೊರಗೆ ತೆಗೆದೆ. ಅವರು ನನ್ನ ಕೈ ಮೇಲೆ ಕೈ ಇಟ್ಟು ತಡೆದರು. ‘ಬಾಗಿಲಲ್ಲೇ ನೋಡ್ದೆ, ಬೆರಳು ಬೋಳಾಗಿತ್ತು. ಕೊಡೋದಾದ್ರೆ ಅವನ ಕೈಗೇ ಕೊಡು. ನನ್ನ ಕೈಗೆ ಬೇಡ. ಅವನಿಗೆ ಬರ್ಬೇಕಾದ್ದನ್ನ ನಾನು ಯಾಕೆ ಇಸ್ಕೊಳ್ಲಿ?’ ಆಮೇಲೆ ಸ್ವಲ್ಪ ಮೆತ್ತಗಾದರು. ‘ಗಂಡಸರಿಗೆ ಸೋತೆ ಅನ್ನೋ ಮಾತು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳು ಮಗಳೇ. ನುಂಗೋಕೂ ಆಗಲ್ಲ, ಉಗಿಯೋಕೂ ಆಗಲ್ಲ. ಹಾಗಂತ ಮನೆಯೋರೆಲ್ಲ ಉಸಿರು ಹಿಡ್ಕೊಂಡು ಕೂರೋಕಾಗತ್ತಾ?’

ನಿನ್ನನ್ನು ತೆಗೆದುಕೊಳ್ಳಲಿಲ್ಲ ಎಂದು ತಿಳಿದಾಗ ನಿನ್ನ ಮೇಲೆ ನನಗಿದ್ದ ಗೌರವ ಕಡಿಮೆಯಾಯಿತು ಎಂದು ನೀನು ಈಗ ಓದುತ್ತ ಅಂದುಕೊಳ್ಳುತ್ತಿರುತ್ತೀಯ. ಇಲ್ಲ. ರಬಾತ್‌ನಲ್ಲಿ ನನ್ನನ್ನು ಎರಡು ಕಂಪನಿಯವರು ಬೇಡ ಎಂದಿದ್ದರು. ಎರಡೂ ಸಲ ಮೊದಲು ನಿನಗೇ ಹೇಳಿದೆ. ನೀನು ನನ್ನನ್ನು ಬಸವನಹುಳುವಿನ ಸಾರು ಮಾರುವ ಗಾಡಿಯ ಮುಂದೆ ನಿಲ್ಲಿಸಿ, ಬಿಸಿಬಿಸಿ ಕುಡಿಸಿ, ಅವರಿಗೆ ಕಣ್ಣು ಕಾಣಲ್ಲ ಬಿಡು ಅಂದೆ. ನಿನಗೂ ಒಂದು ಬಟ್ಟಲು ಸಾರು ಕುಡಿಸುವ ಅವಕಾಶ ನನಗೆ ಯಾಕೆ ಕೊಡಲಿಲ್ಲ? ನಾನು ಗೆದ್ದು ನೀನು ಸೋತ ಊರಿನಲ್ಲಿ ನನ್ನ ಜೊತೆ ನಡೆಯುವುದು ಅಷ್ಟು ಕಷ್ಟವೇ? ಈ ಪ್ರಶ್ನೆಗೆ ‘ಹೌದು’ ಎಂಬ ಉತ್ತರವಿದ್ದರೂ ಕೇಳಲು ನಾನು ಸಿದ್ಧಳಿದ್ದೇನೆ. ನನಗೆ ಬೇಡವಾದದ್ದು ನಿನ್ನ ಅಮ್ಮನ ಮಂಡಿ.

ಇವತ್ತು ಬೆಳಿಗ್ಗೆ ಬಂದರಿಗೆ ಹೋಗಿ ಒಪ್ಪಂದಕ್ಕೆ ಸಹಿ ಹಾಕಿದೆ. ಸಂತೋಷದಿಂದ ಹಾಕಿದೆ ಎಂದರೆ ಸುಳ್ಳು. ಪೆನ್ನು ಹಿಡಿದಾಗ ನಿನ್ನ ಅಡುಗೆಮನೆಯ ಬಿಸಿಲು ಕಣ್ಣ ಮುಂದೆ ಬಂತು. ನಿನ್ನನ್ನು ಕಳೆದುಕೊಳ್ಳುತ್ತಿದ್ದೇನೋ ಏನೋ ಎಂದು ಒಮ್ಮೆ ಪೆನ್ನು ಕೆಳಗಿಟ್ಟೆ. ಆದರೂ ಹಾಕಿದೆ. ಡಿಸೆಂಬರ್ ಒಂದರಿಂದ ಕೆಲಸ.

ನಿನ್ನನ್ನು ನಾನು ಟ್ಯಾಂಜಿಯರ್‌ಗೆ ಬಾ ಎಂದು ಎಳೆಯುತ್ತಿಲ್ಲ. ಕಾಸಾದ ಕೆಲಸ ನಿನಗೆ ಇಷ್ಟವಾಗಿದ್ದರೆ ಅಲ್ಲೇ ಇರು. ವಾರವಾರ ರೈಲಿನಲ್ಲಿ ಓಡಾಡುವ ಗಂಡಹೆಂಡಿರು ಈ ದೇಶದಲ್ಲಿ ನಾವೇ ಮೊದಲಲ್ಲ. ಇಲ್ಲಿ ಇನ್ನೊಮ್ಮೆ ಪ್ರಯತ್ನಿಸುತ್ತೇನೆ ಎಂದರೆ ನಮ್ಮ ಮಹಡಿಯ ಕೋಣೆ ಖಾಲಿಯಿದೆ. ಇಬ್ಬರಿಗೂ ಹೊಸದಾದ ಬೇರೆ ಊರು ಎಂದರೂ ಮಾತಾಡೋಣ. ಆದರೆ ಎದುರು ಕೂತು, ನಿನ್ನದೇ ಬಾಯಲ್ಲಿ, ಯಾರ ಹೆಸರನ್ನೂ ನಡುವೆ ತರದೆ ಹೇಳಬೇಕು. ಅದಾಗುವವರೆಗೆ ಏಪ್ರಿಲ್‌ನ ಮದುವೆಯ ಛತ್ರಕ್ಕೆ ಅಪ್ಪ ಮುಂಗಡ ಕೊಡುವುದು ಬೇಡ ಎಂದು ನಾನೇ ಹೇಳಿದ್ದೇನೆ. ಕರವಸ್ತ್ರ ಇನ್ನೂ ಚೀಲದಲ್ಲೇ ಇದೆ. ಅದನ್ನು ಬಿಚ್ಚಿ ನಿನಗೆ ಕೊಡುತ್ತೇನೋ, ನಾನೇ ಹಾಕಿಕೊಳ್ಳುತ್ತೇನೋ, ನನಗೆ ನಿಜವಾಗಿಯೂ ಗೊತ್ತಿಲ್ಲ.

ಕೋಪ ಇನ್ನೂ ಆರದ, ಆದರೂ ನಿನ್ನವಳೇ ಆದ,
ಹಸ್ನಾ

ತಾ. ಕ.: ಶನಿವಾರ ಮಧ್ಯಾಹ್ನ ನೀನು ಅಮ್ಮನಿಗೆ ಫೋನ್ ಮಾಡಿ ಏನು ಊಟ ಎಂದು ಕೇಳಿದೆಯಲ್ಲ, ಅವರು ಹುರಿದ ಮೀನು ಅಂದರು. ಎಲ್ಲಿ ಎಂದು ನೀನು ಕೇಳಲಿಲ್ಲ. ಇಲ್ಲಿ, ಟ್ಯಾಂಜಿಯರ್ ಬಂದರಿನ ಪಕ್ಕ, ನನ್ನ ಎದುರು ಕೂತು ತಿನ್ನುತ್ತಿದ್ದರು. ನಾನು ಕಾಸಾದಿಂದ ಒಬ್ಬಳೇ ಮರಳಲಿಲ್ಲ. ಅವರನ್ನು ನಿನ್ನೆ ಬಸ್ಸಿನಲ್ಲಿ ಲರಾಶ್‌ಗೆ ಬಿಟ್ಟು ಬಂದೆ. ಮಾತ್ರೆಗಳನ್ನೂ ಚಳಿಬಟ್ಟೆಯನ್ನೂ ತಂದಿದ್ದಾರೆ, ಚಿಂತೆ ಬೇಡ. ಅಕ್ಕತಂಗಿಯರಿಬ್ಬರೂ ಬಾಗಿಲಲ್ಲಿ ಅಪ್ಪಿಕೊಂಡು ನಿಂತವರು ನನ್ನನ್ನು ಒಳಗೆ ಕರೆಯುವುದನ್ನೂ ಮರೆತರು. ನಿನಗೆ ಬರೆ ಎಂದು ನಿನ್ನ ಅಮ್ಮ ಹೇಳಿದ ಮಾತು ಇದು: ‘ಅಮ್ಮನ್ನ ನೋಡೋಕೆ ಅಂತ ಹೇಳ್ಕೊಂಡು ಉತ್ತರಕ್ಕೆ ಬರ್ಬೇಡ. ಹೆಂಡತೀನ ನೋಡೋಕೆ ಬಂದೆ ಅಂತ ಹೇಳ್ಕೊಂಡು ಬಾ.’